ನಾಲ್ಕು ಗಂಟೆಯ ಆರಾಧನೆ

ನಮ್ಮ ಸಭೆಯ ಆರಾಧನೆ ರವಿವಾರ ಸಂಜೆ ನಾಲ್ಕಕ್ಕೆ ಇತ್ತು. ಬೇರೆ ಚರ್ಚಿನವರು ನಗುತ್ತಿದ್ದರು. ನಗಲಿ. ಗೋವಾದ ವಾಸ್ಕೋದಲ್ಲಿ ಮನೆಗೆಲಸ ಮಾಡುವವಳಿಗೆ ರವಿವಾರ ಬೆಳಿಗ್ಗೆ ಬಿಡುವು ಎಂಬುದಿಲ್ಲ. ಮನೆಯೊಡತಿ ಬಾಯಿ ಏಳರ ಪೂಜೆ ಮುಗಿಸಿ ಇಗರ್ಜಿಯಿಂದ, ಅವರ ಚರ್ಚಿನಿಂದ, ಬರುತ್ತಾಳೆ, ಬರುವಾಗಲೇ ನೆಂಟರನ್ನು ಊಟಕ್ಕೆ ಕರೆದುಕೊಂಡು ಬರುತ್ತಾಳೆ. ಮೀನು ಕೊಯ್ಯಬೇಕು, ಕಾಯಿ ತುರಿಯಬೇಕು, ಮಸಾಲೆ ಅರೆಯಬೇಕು, ಅವರೆಲ್ಲ ಉಂಡು ಎದ್ದ ಮೇಲೆ ರಾಶಿ ಭಾಂಡಿ ತಿಕ್ಕಬೇಕು. ಮೂರು ಗಂಟೆಯಾಗುತ್ತದೆ. ಬಂದರಿನಲ್ಲಿ ಹಮಾಲಿ ಮಾಡುವ ನಮ್ಮ ಗಂಡಸರದೂ ಅದೇ ಪಾಡು. ಹಡಗಿಗೆ ರವಿವಾರ ಗೊತ್ತಿಲ್ಲ. ಅದಕ್ಕೇ ನಮಗಿಂತ ಮೊದಲು ಬಂದವರು ನಾಲ್ಕು ಗಂಟೆ ಇಟ್ಟಿದ್ದರು. ಒಂದು ಶಾಲೆಯವರು ರವಿವಾರ ತಮ್ಮ ಹಾಲ್ ಕೊಡುತ್ತಿದ್ದರು. ವಾರವೆಲ್ಲ ಕೊಂಕಣಿ, ಹಿಂದಿ ಮಾತಾಡಿ ಸವೆದ ನಾಲಿಗೆಗೆ ಆ ಎರಡು ತಾಸು ಕನ್ನಡ ಸಿಗುತ್ತಿತ್ತು. ನನಗೆ ಅದಕ್ಕಿಂತ ಹೆಚ್ಚಿನದು ಬೇಕಿರಲಿಲ್ಲ.

ಸಮುದ್ರದಂಡೆಯ ಬಾಯ್ನಾದ ಗುಡಿಸಲುಗಳನ್ನು ಸರ್ಕಾರದವರು ಕೆಡವಿದ ಮೇಲೆ ನಮ್ಮ ಸಭೆಯ ಅರ್ಧ ಮನೆಗಳು ದಿಕ್ಕಿಗೊಂದಾದವು. ನನ್ನದೂ ಹೋಯಿತು. ಮಗಳ ಒಂದೇ ಖೋಲಿಯಲ್ಲಿ ಮೊಮ್ಮಕ್ಕಳ ಜೊತೆ ಹಾಸಿಕೊಂಡು ಮಲಗಲು ಕಲಿತೆ. ಮಾರನೇ ವರ್ಷ ಪಾಸ್ಟರು, ನಮ್ಮ ಸಭೆ ಮುಂದೆ ಏನು ಮಾಡಬೇಕೆಂದು ದೇವರು ಬಯಸುತ್ತಾನೋ ಎಲ್ಲರೂ ಕೂಡಿ ತಿಳಿದುಕೊಳ್ಳೋಣ ಎಂದರು. ಒಳ್ಳೆಯ ಮಾತು. ಚದುರಿದವರನ್ನು ಹುಡುಕಲು ಹೊರಡುತ್ತಾರೆ ಎಂದುಕೊಂಡೆ. ಅವರು ಹುಬ್ಬಳ್ಳಿ ಕಡೆಯಿಂದ ಒಬ್ಬ ಮನುಷ್ಯನನ್ನು ಕರೆಸಿದರು.

ಆ ಮನುಷ್ಯ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು, ಸಭೆಗೆ ಮುಂದಿನ ದಾರಿ ಕಾಣುವ ದರ್ಶನ ಬೇಕು, ದರ್ಶನವಿಲ್ಲದ ಸಭೆ ಸಾಯುತ್ತದೆ ಎಂದು ಒಂದು ತಾಸು ಹೇಳಿದ. ಆಮೇಲೆ ಎರಡು ದೊಡ್ಡ ಹಾಳೆ ತೆಗೆದ. ಒಂದರ ಮೇಲೆ, ಹೊಸ ಹಾಲಿನಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಆರಾಧನೆ ಎಂದು ಬರೆದಿತ್ತು. ಇನ್ನೊಂದರ ಮೇಲೆ, ಇದೇ ಹಾಲಿನಲ್ಲಿ ನಾಲ್ಕಕ್ಕೇ ಇರಲಿ ಎಂದು. ಒಂಬತ್ತರ ಹಾಳೆಯನ್ನು ಹೆಂಗಸರು ಕೂಡುವ ಕಡೆಯ ಗೋಡೆಗೆ ಅಂಟಿಸಿದ. ನಾಲ್ಕರದನ್ನು ಗಂಡಸರ ಕಡೆಯ ಗೋಡೆಗೆ. ಯಾವುದನ್ನೂ ಓದಿ ಹೇಳಲಿಲ್ಲ. ಪ್ರಾರ್ಥನೆ ಮಾಡಿ, ಕರ್ತನು ಪ್ರೇರಿಸಿದ ಹಾಳೆಗೆ ಒಬ್ಬೊಬ್ಬರು ಒಂದೊಂದು ಚುಕ್ಕಿ ಹಚ್ಚಿ ಎಂದ.

ಚುಕ್ಕಿ ಎಲ್ಲಿಂದ ಬರಬೇಕು? ಪಾಸ್ಟರಮ್ಮ ಪೇಟೆಯಿಂದ ಹಣೆಗಿಡುವ ಕೆಂಪು ಟಿಕಳಿಯ ಪಾಕೀಟು ತಂದಿದ್ದರು. ನಮ್ಮ ಹೆಂಗಸರು ಯಾರೂ ಟಿಕಳಿ ಹಚ್ಚುವವರಲ್ಲ. ದೀಕ್ಷಾಸ್ನಾನದ ದಿನವೇ ಒರೆಸಿಕೊಂಡವರು. ನನ್ನ ಪಕ್ಕ ಒಬ್ಬ ಗಟ್ಟಿ ಬಾಯಿಯ ಮುದುಕಿ ಕೂತಿದ್ದಳು, ಮೀನು ಮಾರುವವಳು. ಅವಳು ಸುಮ್ಮನಿರಲಿಲ್ಲ.

“ಇಷ್ಟ ದಿವಸ ಹಣಿಗೆ ಬ್ಯಾಡ ಅಂದ್ರಿ, ಈಗ ಗ್ವಾಡಿಗೆ ಹಚ್ಚ ಅಂತೀರಿ. ಗ್ವಾಡಿ ಏನ ಮುತ್ತೈದಿ ಏನ್ರಿ?”

ಎಲ್ಲರೂ ನಕ್ಕರು. ಪಾಸ್ಟರಮ್ಮನೂ ನಕ್ಕರು. ನಗುನಗುತ್ತಲೇ ನಾವು ನಮ್ಮ ಕುತ್ತಿಗೆ ಕೊಯ್ದುಕೊಂಡೆವು.

ನಮ್ಮಲ್ಲಿ ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ. ನಡುವೆ ದಾರಿ. ಗಂಡಸರು ಬೇಕಾದಾಗ ದಾಟಿ ಬರುತ್ತಾರೆ, ಕಾಣಿಕೆ ಚೀಲ ಹಿಡಿದು, ಫ್ಯಾನ್ ಹಾಕಲು, ಮಕ್ಕಳನ್ನು ಗದರಿಸಲು. ಹೆಂಗಸು ಆ ಕಡೆ ಹೋಗುವುದಿಲ್ಲ. ಹೋಗಬಾರದು ಎಂದು ಯಾರೂ ಬರೆದಿಟ್ಟಿಲ್ಲ. ಗದಗಿನ ನಮ್ಮೂರಲ್ಲಿ ಅಜ್ಜಿ ಗಂಡಸರ ಕಡೆ ಹೋಗಲಿಲ್ಲ, ಅವ್ವ ಹೋಗಲಿಲ್ಲ, ನಾವು ಗೋವಾಕ್ಕೆ ಬರುವಾಗ ಹಾಸಿಗೆ ಸುತ್ತಿಕೊಂಡಂತೆ ಅದನ್ನೂ ಸುತ್ತಿಕೊಂಡು ಬಂದೆವು. ಆ ದಿನ ಹೆಂಗಸರೆಲ್ಲ ಸಾಲಾಗಿ ಎದ್ದು ತಮ್ಮ ಬದಿಯ ಗೋಡೆಗೆ ಟಿಕಳಿ ಹಚ್ಚಿ ಬಂದು ಕೂತರು. ಮುಕ್ಕಾಲು ಜನಕ್ಕೆ ಓದಲು ಬರುವುದಿಲ್ಲ. ನಮ್ಮ ಕಡೆ ಇರುವುದು ನಮ್ಮ ಹಾಳೆ, ಆ ಕಡೆ ಇರುವುದು ಗಂಡಸರ ಹಾಳೆ ಎಂದುಕೊಂಡರು.

ನನಗೆ ಓದಲು ಬರುತ್ತದೆ. ಮೂರನೇ ಇಯತ್ತೆವರೆಗೆ ಶಾಲೆಗೆ ಹೋದವಳು. ಬೆರಳಿಟ್ಟು ಓದುತ್ತೇನೆ, ತಡವಾಗುತ್ತದೆ, ಆದರೆ ಬರುತ್ತದೆ. ಕೂತಲ್ಲಿಂದಲೇ ಎರಡೂ ಹಾಳೆ ಓದಿದ್ದೆ. ಮುಂದೆ ಕೂತ ಒಬ್ಬ ಹುಡುಗಿ, ಹೊಸದಾಗಿ ಮದುವೆಯಾಗಿ ಬಂದವಳು, ತಿರುಗಿ ಕೇಳಿದಳು.

“ಎಲ್ಲಿ ಹಚ್ಚಲೆವ್ವಾ?”

“ಎಲ್ಲಾರೂ ಹಚ್ಚಾಕತ್ತಾರಲ್ಲ, ಅಲ್ಲೇ ಹಚ್ಚು” ಎಂದೆ.

ನಾನೂ ಎದ್ದೆ. ನಡುವಿನ ದಾರಿಯ ಅಂಚಿಗೆ ಬಂದೆ. ಆ ಕಡೆ ಗಂಡಸರು ಕಾಲು ಚಾಚಿ ಕೂತಿದ್ದರು. ಒಬ್ಬ ನನ್ನ ಮುಖ ನೋಡಿದ, ಈಕೆಗೆ ಇಲ್ಲೇನು ಕೆಲಸ ಎನ್ನುವ ಹಾಗೆ. ನಾನು ಹಿಂದೆ ತಿರುಗಿ ಒಂಬತ್ತರ ಹಾಳೆಗೇ ಹಚ್ಚಿ ಬಂದೆ. ಗೊತ್ತಿದ್ದೂ ಹಚ್ಚಿದೆ. ಇವತ್ತಿಗೂ ಬೇರೆಯವರ ಮೇಲಿನ ಸಿಟ್ಟಿಗಿಂತ ಇದರ ಸಿಟ್ಟು ಹೆಚ್ಚು.

ಗಂಡಸರಲ್ಲಿ ಉಳ್ಳವರು ನಾಲ್ಕು ಮಂದಿ ದಾಟಿ ಬಂದು ನಮ್ಮ ಗೋಡೆಗೆ ಹಚ್ಚಿದರು. ಅವರಿಗೆ ಓದಲು ಬರುತ್ತಿತ್ತು, ದಾಟಲೂ ಬರುತ್ತಿತ್ತು. ಹಮಾಲಿ ಗಂಡಸರು ಅರ್ಧ ಜನ ಬಂದರಿನಲ್ಲೇ ಇದ್ದರು. ನಮ್ಮ ಗೋಡೆಯ ಹಾಳೆ ಕೆಂಪಾಯಿತು, ಬಂದಿದ್ದ ಹಮಾಲಿಗಳ ಕೆಲವೇ ಚುಕ್ಕಿ ಬಿಟ್ಟರೆ ಆ ಕಡೆಯದು ಬಿಳಿಯೇ ಉಳಿಯಿತು. ಹಿರಿಯರ ಸಮಿತಿಯ ಅಧ್ಯಕ್ಷ ಎದ್ದು ನಿಂತು, ಕರ್ತನು ಮಾತನಾಡಿದ್ದಾನೆ ಎಂದ. ಅವನು ವೆಲ್ಡಿಂಗ್ ಕಾರ್ಖಾನೆ ಇಟ್ಟು ಮೇಲೆ ಬಂದವನು. ರವಿವಾರ ಬೆಳಿಗ್ಗೆ ಚರ್ಚಿಗೆ ಹೋಗುವವರ ಸಾಲಿಗೆ ಸೇರಬೇಕೆಂಬ ಆಸೆ ಅವನಿಗೆ. ಬೇಕೆಂದೇ ಹಾಳೆಗಳನ್ನು ಹಾಗೆ ಅಂಟಿಸಿದರು ಎಂದು ನಾನು ಹೇಳುವುದಿಲ್ಲ. ಗೊತ್ತಾಗದೆ ಆಯಿತು ಎಂದೂ ಹೇಳುವುದಿಲ್ಲ.

ಮನೆಗೆ ನಡೆಯುವಾಗ ಆ ಹುಡುಗಿಗೆ ಅವಳ ಗಂಡ ಹಾಳೆಯಲ್ಲಿದ್ದದ್ದನ್ನು ಹೇಳಿದ್ದನೆಂದು ಕಾಣುತ್ತದೆ. ಓಡಿ ಬಂದು ನನ್ನ ಸೆರಗು ಹಿಡಿದಳು.

“ಎವ್ವಾ, ಒಂಬತ್ತಕ್ಕಂತ. ಒಂಬತ್ತಕ್ಕ ನಾ ಬಾಯಿ ಮನ್ಯಾಗ ಇರತೇನಿ. ಮತ್ತ ನೀವ ಅಲ್ಲೇ ಹಚ್ಚು ಅಂದ್ರೆಲ್ಲ?”

ಅವಳ ಕೈಯಿಂದ ಸೆರಗು ಬಿಡಿಸಿಕೊಂಡು ನಡೆದೆ.

ಬುಧವಾರ ಪಾಸ್ಟರ ಮನೆಗೆ ಹೋದೆ. ಆದದ್ದನ್ನು ಹೇಳಿದೆ. ಪಾಸ್ಟರು ಕೆಟ್ಟವರಲ್ಲ. ಹೆದರುಬುರುಕರು.

“ಅಮ್ಮಾರ, ನೀವ ಹಚ್ಚೀರಲ್ರಿ. ಈಗ ನಾ ಏನ ಮಾಡ್ಲಿ?”

“ನಾ ತಪ್ಪ ಮಾಡೇನ್ರಿ ಅಯ್ನೋರ. ತಪ್ಪ ಮಾಡಿದವ್ರು ಬಂದು ಹೇಳಿದ್ರ ಕೇಳಬೇಕಂತ ನೀವ ಹೇಳತೀರಿ.”

“ಸಮಿತಿ ಮುಂದ ಇಡತೇನಿ” ಎಂದರು. ಇಡಲಿಲ್ಲ.

ಮುಂದಿನ ರವಿವಾರ ಆಶೀರ್ವಾದಕ್ಕೆ ಎಲ್ಲರೂ ಎದ್ದು ನಿಲ್ಲುವ ಮೊದಲು ನಾನೊಬ್ಬಳೇ ಎದ್ದೆ. ನಡುವಿನ ದಾರಿ ದಾಟಿ ಗಂಡಸರ ಕಡೆ ಹೋಗಿ ನಾಲ್ಕರ ಹಾಳೆಯ ಹತ್ತಿರ ನಿಂತೆ. ಅದನ್ನು ಯಾರೂ ಇನ್ನೂ ಕಿತ್ತಿರಲಿಲ್ಲ.

“ಕರ್ತ ಮಾತಾಡಿಲ್ರಿ. ಟಿಕಳಿ ಮಾತಾಡ್ಯಾವ. ನಮಗ ಈ ಕಡಿ ಬರಾಕ ಆಗಲಿಲ್ಲ, ಅದಕ್ಕ ಅಲ್ಲಿ ಹಚ್ಚಿದ್ವಿ.”

ಅಧ್ಯಕ್ಷ ನಯವಾಗಿಯೇ ಕೇಳಿದ. “ಬೆಳಿಗ್ಗೆ ಬರಾಕ ಏನ ಅಡ್ಡಿ ಐತ್ರಿ ಅಮ್ಮಾರ? ದೇವರಿಗೆ ದಿನದ ಮೊದಲ ಹೊತ್ತ ಕೊಡಬೇಕಲ್ಲ?”

“ನಿಮ್ಮ ಮನಿ ಭಾಂಡಿ ತಿಕ್ಕೋ ಹೆಣ್ಣಮಗಳು ಇಲ್ಲೇ ಕುಂತಾಳ್ರಿ. ರವಿವಾರ ಒಂಬತ್ತಕ್ಕ ಆಕಿ ಎಲ್ಲಿರತಾಳ, ನೀವ ಹೇಳ್ರಿ.”

ಅಧ್ಯಕ್ಷನ ಹೆಂಡತಿ ತಲೆ ತಗ್ಗಿಸಿದಳು. ಆ ಹೆಣ್ಣುಮಗಳು ನನ್ನನ್ನು ನುಂಗುವ ಹಾಗೆ ನೋಡಿದಳು, ಅವಳ ಕೆಲಸಕ್ಕೆ ಕುತ್ತು ತಂದೆನೆಂದು. ಅವಳ ಸಿಟ್ಟಿಗೂ ನ್ಯಾಯವಿತ್ತು. ಕೊನೆಗೆ ಅಧ್ಯಕ್ಷ, “ಹಂಗಾದ್ರ ನಾಲ್ಕಕ್ಕ ನೀವ ನೀವ ಕೂಡ್ರಿ, ಬ್ಯಾಡ ಅಂದವ್ರ ಯಾರು?” ಎಂದ. ಹುಡುಗರು ಜಗಳವಾಡಿದರೆ ಒಂದು ಬೆಲ್ಲದ ಚೂರು ಕೊಟ್ಟು ಅಟ್ಟುತ್ತಾರಲ್ಲ, ಹಾಗೆ.

ನಾವು ಕೂತೆವು. ಹೊಸ ಹಾಲಿನಲ್ಲಿ ಒಂಬತ್ತಕ್ಕೆ ಪಾಸ್ಟರು, ಗಿಟಾರು, ಮೈಕು. ಸಭೆ ಅಲ್ಲಿಗೆ ಹೋದ ಮೇಲೆ ಶಾಲೆಯವರು ತಮ್ಮ ಹಾಲಿನ ಬಾಗಿಲು ಹಾಕಿಕೊಂಡು ನಮಗೆ ಹೊರಗಿನ ಕಟ್ಟೆ ಕೊಟ್ಟರು. ಅಲ್ಲಿ ನಾಲ್ಕಕ್ಕೆ ಹೆಂಗಸರು, ಹಮಾಲಿಗಳು. ನಾನೇ ಬೆರಳಿಟ್ಟು ಬೈಬಲಿನ ವಾಕ್ಯ ಓದಿದೆ. ಒಂದು ಅಧ್ಯಾಯಕ್ಕೆ ಅರ್ಧ ತಾಸು. ಮೀನು ಮಾರುವವಳು, “ನೀ ಓದಿ ಮುಗಸೂದ್ರಾಗ ಕರ್ತ ಎರಡನೇ ಸಲ ಭೂಮಿಗೆ ಬಂದ ಬಿಡತಾನ” ಎಂದಳು. ಆದರೂ ಕೂತು ಕೇಳಿದಳು. ಬಾಯ್ನಾದಿಂದ ಚದುರಿದವರಲ್ಲಿ ಮೂರು ಮನೆಯವರು ಕೇಳಿಕೊಂಡು ಬಂದು ಸೇರಿದರು. ಅವರನ್ನು ಹುಡುಕುವುದು ಯಾರ ಹಾಳೆಯ ಮೇಲೂ ಇರಲಿಲ್ಲ.

ಆದರೆ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನ ಪಾಸ್ಟರಿಲ್ಲದೆ ಆಗುವುದಿಲ್ಲ. ನಾನು ರೊಟ್ಟಿ ಮುರಿದು ಕೊಡುವಂತಿಲ್ಲ. ತಿಂಗಳ ಮೊದಲ ರವಿವಾರ ಬೆಳಿಗ್ಗೆ ಒಂಬತ್ತರವರಿಗೆ ಕೊಟ್ಟು ಮುಗಿಸಿ ಪಾಸ್ಟರು ಮನೆಗೆ ಹೋಗಿ ಮಲಗುತ್ತಿದ್ದರು. ಸಂಜೆ ನಾವು ಬರಿಗೈಯಲ್ಲಿ ಎದ್ದು ಹೋಗುತ್ತಿದ್ದೆವು. ಒಂದು ತಿಂಗಳು ಹೇಳಿ ಕಳಿಸಿದೆ. ಎರಡನೇ ತಿಂಗಳು ನಾನೇ ಹೋದೆ. ಮೂರನೇ ತಿಂಗಳು ಕಟ್ಟೆಗೆ ಬರುವ ಹುಡುಗಿಯರನ್ನು ಕರೆದುಕೊಂಡು ಹೋಗಿ ಅವರ ಬಾಗಿಲಲ್ಲಿ ಕೂತೆ. ನಾವು ಭಿಕ್ಷೆಗೆ ಬಂದವರೇ?

ನಾಲ್ಕನೇ ತಿಂಗಳು ಅವರು ರೊಟ್ಟಿ, ದ್ರಾಕ್ಷಾರಸ ಚೀಲದಲ್ಲಿಟ್ಟುಕೊಂಡು ಕಟ್ಟೆಯ ಹತ್ತಿರ ಬಂದು ಚಪ್ಪಲಿ ಬಿಟ್ಟರು.

“ಅಮ್ಮಾರ, ತಡ ಆತು” ಎಂದರು.

ಇರಲಿ ಬಿಡ್ರಿ ಎನ್ನುತ್ತೇನೆಂದು ಕಾದರು.

“ಹೌದ್ರಿ, ಭಾಳ ತಡ ಆತು” ಎಂದು ಅವರಿಗೆ ಚಾಪೆ ಹಾಸಿದೆ.