ವಂದನಾರ್ಪಣೆ ಅತ್ತೆ

ಬೀದಿಯವರೆಲ್ಲ ಆಕೆಯನ್ನು ವಂದನಾರ್ಪಣೆ ಅತ್ತೆ ಎಂದೇ ಕರೆಯುತ್ತಾರೆ. ಪ್ರಾಂತ್ಯದ ಪರಿಸರ ಪ್ರಶಸ್ತಿ ಇನ್ನೂ ಒಮ್ಮೆಯೂ ಕೈಗೆ ಬಾರದಿದ್ದರೂ, ಅದನ್ನು ಪಡೆದ ದಿನ ಸಲ್ಲಿಸಬೇಕಾದ ವಂದನೆಗಳು ಮಾತ್ರ ಆಕೆಯ ನಾಲಿಗೆಯ ತುದಿಯಲ್ಲಿ ಸದಾ ಸಿದ್ಧ. ಬೀದಿಯ ಹಿಂಬದಿಯ ಕಾಲುವೆಯ ಹೂಳೆತ್ತುವಾಗ ಸಲಿಕೆಯ ಹಿಡಿಯೇ ಆಕೆಗೆ ಮೈಕು. "ಮೊದಲು ಪ್ರಶಸ್ತಿ ಬರಲಿ ಅತ್ತೆ," ಎಂದು ಬೀದಿಯ ದರ್ಜಿ ಕೆಣಕಿದರೆ, "ಭಾಷಣದಿಂದ ನಿನ್ನ ಹೆಸರು ಕಿತ್ತು ಹಾಕ್ತೀನಿ ನೋಡು!" ಎಂದು ಗದರುತ್ತಾರೆ; ಮರುದಿನವೇ ಪ್ಲಾಸ್ಟಿಕ್ಕಿಗೆ ಬದಲಾಗಿ ಅವನು ಚಿಂದಿಯಲ್ಲಿ ಹೊಲಿದ ಕೈಚೀಲಗಳು ಮನೆಮನೆಗೂ ತಲುಪಿರುತ್ತವೆ. ಪ್ರತಿ ಸಲ ಸೋತಾಗಲೂ ಭಾಷಣ ಇನ್ನಷ್ಟು ಉದ್ದವಾಗುತ್ತದೆ. ಮೊದಲು ಅದರಲ್ಲಿ ಆಕೆಯ ಯಜಮಾನರೊಬ್ಬರೇ ಇದ್ದರು. ಈಗ ಇಡೀ ಬೀದಿಯೇ ಇದೆ. ಕಾಲುವೆಗೆ ಕಸ ಸುರಿದು ವರ್ಷಗಟ್ಟಲೆ ಆಕೆಯೊಡನೆ ಜಗಳವಾಡಿದ ಮಹಡಿಮನೆಯ ಬಾಡಿಗೆದಾರನೂ ಇದ್ದಾನೆ. ಕಳೆದ ಮಳೆಗೆ ನೀರು ಬೀದಿಗೆ ನುಗ್ಗಿದಾಗ ಎದೆಮಟ್ಟದ ನೀರಿಗಿಳಿದು ಕಾಲುವೆಯ ಕಸ ಬಿಡಿಸಿದವನು ಅವನೇ. ಈ ಸಲ ಆಯ್ಕೆ ಸಮಿತಿಯಿಂದ ಫೋನು ಬಂತು: ಪ್ರಶಸ್ತಿ ನಿಮ್ಮ ಬೀದಿಗೇ, ಆದರೆ ಮಾತಿಗೆ ಎರಡೇ ನಿಮಿಷ. ಅತ್ತೆಯ ಮುಖ ಬಾಡಿತು. ಯಾರ ಹೆಸರನ್ನು ಬಿಡುವುದು? ಆಮೇಲೆ ಫೋನಿನಲ್ಲೇ ಸಮಿತಿಯವರಿಗೆ ಹೇಳಿದರು: "ಹೆಸರು ಹೇಳೋಕೆ ತಾನೇ ಹೊತ್ತು ಬೇಕು? ನಾನು ಎಲ್ಲರನ್ನೂ ಕರ್ಕೊಂಡೇ ಬರ್ತೀನಿ. ನೀವು ವೇದಿಕೆ ಸ್ವಲ್ಪ ಅಗಲ ಮಾಡಿಸಿ."