ಊರಿನ ಹಲ್ಲು ಉಜ್ಜಿಸುವ ತೌಸಗಾ
ಸಮೋವಾದ ಸವಾಯಿ ದ್ವೀಪದಲ್ಲಿ ಯಾವ ಹಳ್ಳಿಗೆ ಹೋದರೂ ಮಹಿಳಾ ಸಮಿತಿಗೆ ತೌಸಗಾಳಂಥ ಅಧ್ಯಕ್ಷೆಯೊಬ್ಬಳು ಇದ್ದೇ ಇರುತ್ತಾಳೆ. ಅವಳನ್ನು ನೆನೆದರೇ ಹಲ್ಲಿನ ನರ್ಸ್ ಲುಪೆಗೆ ತಲೆ ಚಿಟ್ಟು ಹಿಡಿಯುತ್ತದೆ. ಮನೆಮನೆಗೆ ನುಗ್ಗಿ ಚಾಪೆ, ಪಾತ್ರೆ, ಅಂಗಳ ನೋಡಿ ಬೈಯುವುದು ಸಮಿತಿಯ ಹಳೇ ಪದ್ಧತಿ. ಈಗ ಬಾಯಿಯೂ ಅದಕ್ಕೆ ಸೇರಿದೆ. ಬಸುರಿಯರು, ಸಕ್ಕರೆ ಕಾಯಿಲೆಯವರು, ಶಾಲೆಯ ಮಕ್ಕಳು, ಇವರಲ್ಲಿ ಯಾರ ಹಲ್ಲಿಗೆ ಎಷ್ಟು ಕೊಳೆ ಕಟ್ಟಿದೆ, ಎಷ್ಟು ಹುಳುಕು ಹಿಡಿದಿದೆ ಎಂದು ಅಳೆಯುವುದು ಲುಪೆಯ ಕೆಲಸ. ಅವಳು ಬರುವ ದಿನ ತೌಸಗಾ ಬೆಳಗಿನ ಪ್ರಾರ್ಥನೆ ಮುಗಿದದ್ದೇ ತಡ ಶಂಖ ಊದಿಸಿ, ಊರಿಗೆ ಊರನ್ನೇ ನಲ್ಲಿಯ ಮುಂದೆ ನಿಲ್ಲಿಸಿ, ಕೈಯಲ್ಲಿ ಪೊರಕೆ ಹಿಡಿದು, ವಸಡಿನಲ್ಲಿ ರಕ್ತ ಬರುವಂತೆ ಉಜ್ಜಿಸುತ್ತಾಳೆ. "ಅಯ್ಯೋ ಅಮ್ಮಾ, ದಿನಾ ಹೇಗಿರುತ್ತೋ ಹಾಗೇ ನೋಡ್ಬೇಕು, ನನಗೆ ಕೊಳೆ ಬೇಕು!" ಎಂದು ಲುಪೆ ಹಣೆ ಚಚ್ಚಿಕೊಂಡರೆ, "ಕೊಳೆ ಬೇಕಾದ್ರೆ ಪಕ್ಕದೂರಿಗೆ ಹೋಗು ಮಗಳೇ, ಅಲ್ಲಿ ಬೇಕಾದಷ್ಟಿದೆ" ಎನ್ನುತ್ತಾಳೆ. ಹೇಳದೆ ಕೇಳದೆ ಬಂದರೂ ಅಷ್ಟೇ, ಬಸ್ಸಿನ ಡ್ರೈವರ್ ಮೊದಲೇ ಸುದ್ದಿ ಮುಟ್ಟಿಸಿರುತ್ತಾನೆ. ಸಕ್ಕರೆ ಕಾಯಿಲೆಯವರ ಸಾಲಿನಲ್ಲಿ ತನ್ನ ಸರದಿ ಬಂದಾಗ ಮಾತ್ರ ಒಲೆಯ ಮೇಲೆ ಕೋಕೋ ಉಕ್ಕುತ್ತಿದೆಯೆಂದು ಮಹಾತಾಯಿ ಜಾರಿಕೊಳ್ಳುತ್ತಾಳೆ. ಈ ಸಲ ಲುಪೆ ರಟ್ಟೆ ಹಿಡಿದು ಕೂರಿಸಿ, "ಆ ಅನ್ನಿ!" ಎಂದು ಗದರಿದಳು. ನಕ್ಕರೆ ಕಾಣುವ ಮುಂದಿನ ನಾಲ್ಕು ಹಲ್ಲು ಬಿಟ್ಟರೆ ಒಳಗೆಲ್ಲ ಬರೀ ವಸಡು. ಅಳತೆಯ ಕಡ್ಡಿಯನ್ನು ಎಲ್ಲಿಡುವುದೆಂದು ತೋಚದೆ ಲುಪೆ ಕೈ ಹಿಂದಕ್ಕೆ ತೆಗೆದುಕೊಂಡಳು. ತೌಸಗಾ ಬಾಯಿ ಒರೆಸಿಕೊಂಡು ಪೊರಕೆ ಎತ್ತಿಕೊಂಡಳು: "ನಮ್ಮ ಕಾಲಕ್ಕೆ ಅಳೆಯೋರು ಯಾರೂ ಬರ್ಲಿಲ್ಲ ಮಗಳೇ. ಕೀಳೋರು ಮಾತ್ರ ಬರ್ತಿದ್ರು."