ಕಾಕಾನ ಹೊಲದ ಇಬ್ಬನಿ

ಕುಬಿಹಾಳದ ನಮ್ಮ ಕಾಕಾನ ಪ್ರಕಾರ ಚಳಿಗಾಲದ ಇಬ್ಬನಿ ಬೀಳುವುದು ಅವರ ಕಡಲೆ ಹೊಲದ ಮೇಲೆ ಮಾತ್ರ; ಬದುವಿನಾಚೆಯ ಹೊಲಕ್ಕೆ ಅಷ್ಟು ಯೋಗ್ಯತೆಯಿಲ್ಲ. ಸಂಜೆ ಗಿಡಗಳ ಮೇಲೆ ಧೋತರ ಹಾಸಿ, ಬೆಳಿಗ್ಗೆ ಹಿಂಡಿದರೆ ಬರುವ, ಕಡಲೆ ಎಲೆಯ ಹುಳಿ ಬೆರೆತ ಇಬ್ಬನಿಯ ಹುಳಿನೀರು ನಮ್ಮ ಮನೆಯಲ್ಲಿ ಹೊಟ್ಟೆನೋವಿಗೆ ಮದ್ದು.

ಈ ವರ್ಷ ಸಂಕ್ರಾಂತಿ ಕಳೆದರೂ ಧೋತರ ಒಣಗಿದ್ದಂತೆಯೇ ಮರಳುತ್ತಿತ್ತು. “ತಡಾ ಆದ್ರೂ ಬೀಳತೈತಿ” ಎಂದು ಕಾಕಾ ದಿನಾ ಹಾಸುತ್ತಿದ್ದರು. ಕೊನೆಗೊಂದು ಬೆಳಿಗ್ಗೆ ಬಾಟಲಿ ತುಂಬ ತಂದರು. ನಾನು ಭಕ್ತಿಯಿಂದ ಒಂದು ಚಮಚ ಕುಡಿದು, ಹುಳಿಯೆಂದು ಮುಖ ಕಿವಿಚಿದೆ.

ಧೋತರ ನೋಡಿದ ಕಾಕಾನ ಹೆಂಡತಿ, ನಮ್ಮ ಕಾಕು, “ನಿನ್ನೆ ಸಂಜಿಮುಂದ ನಾ ಒಗದಿಟ್ಟ ಹಸಿ ಧೋತರಾನ ಒಯ್ದು ಹಾಸೀರಲ್ರಿ” ಎಂದರು.

ಕಾಕಾ ಬಾಟಲಿಯ ಮುಚ್ಚಳ ಬಿಗಿದರು. “ಸುಮ್ಮನಿರು. ಬಾಜು ಹೊಲದಾಂವಗ ಆಗಲೇ ಕುಡಿಸಿ ಬಂದೇನಿ. ನಮ್ಮ ಹೊಲದ ಹುಳಿನ ಬ್ಯಾರೆ ಅಂದಾನ.”